ಮರಗಸಿ ಮಾಡಿದ ತಪ್ಪಿಗೆ

ಸೀಗೆಬೈಲು,
ಕೊಟ್ಟಿಗೆಹಾರ ಅಂಚೆ, ಮೂಡಿಗೆರೆ ತಾಲ್ಲೂಕು
೨೨ ಜೂನ್ ೨೦೨೫, ಭಾನುವಾರ

ಪ್ರೀತಿಯ ನಾಗಶ್ರೀ ಅಕ್ಕನಿಗೆ,

ಅರ್ಚನಾಳ ನಮಸ್ಕಾರ. "ಪ್ರೀತಿಯ" ಎಂದು ಬರೆದು ಸ್ವಲ್ಪ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ಹೊಡೆದು ಹಾಕಲು ಮನಸ್ಸಾಗಲಿಲ್ಲ. ಹಾಗೇ ಇರಲಿ.

ನೀನು ಕಳಿಸಿದ ಮಳೆಕೋಟು ತಲುಪಿ ಮೂರು ವಾರದ ಮೇಲಾಯಿತು. ತಲುಪಿತು ಎಂದು ಇಷ್ಟು ದಿನ ತಿಳಿಸದೆ ಇದ್ದದ್ದಕ್ಕೆ ಕ್ಷಮಿಸು. ಜೊತೆಗಿದ್ದ ಚೀಟಿಯಲ್ಲಿ "ಮಳೆ ಹಿಡೀತಲ್ಲ, ಹಳ್ಳದ ನೀರಿನ ಸ್ಯಾಂಪಲ್ ತಪ್ಪಿಸಬೇಡ ಕಣೆ" ಎಂದು ಬರೆದಿದ್ದೀಯ. ಮೂಡಿಗೆರೆಯ ಸಭೆ ಮುಗಿದ ನಾಲ್ಕನೆಯ ದಿನಕ್ಕೆ ಬಂದ ಚೀಟಿ ಅದು! ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಕೋಟನ್ನು ಈಗ ಅವ್ವ ಹಾಕಿಕೊಂಡು ಕೊಟ್ಟಿಗೆಗೆ ಹೋಗುತ್ತಾಳೆ. "ಬೆನ್ನೆಲ್ಲ ಬೆಚ್ಚಗಿರ್ತದೆ, ಒಳ್ಳೇದದೆ" ಎನ್ನುತ್ತಾಳೆ. ಅವಳ ಮಟ್ಟಿಗೆ ನಿನಗೆ ಧನ್ಯವಾದ.

ಫೋನ್ ಮಾಡಬಹುದಿತ್ತು. ಮಾಡಿದೆ, ನೀನು ಎತ್ತಲಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಎರಡು ನೀಲಿ ಗೆರೆ ಬೀಳುತ್ತವೆ, ಅಲ್ಲಿಗೆ ಮುಗಿಯಿತು. ಈಗ ಮಳೆಗೆ ಟವರೂ ಮಲಗಿದೆ. ಕಾಗದವಾದರೆ ಕವರು ಹರಿಯಬೇಕು, ಮಡಿಕೆ ಬಿಡಿಸಬೇಕು, ಕೈಯಲ್ಲಿ ಹಿಡಿಯಬೇಕು. ಅಷ್ಟಾದರೂ ಮಾಡುತ್ತೀಯ ಎಂದು ನಂಬಿ ಬರೆಯುತ್ತಿದ್ದೇನೆ. ಮೊದಲು ಬರೆದ ಕಾಗದವನ್ನು ಒಲೆಗೆ ಹಾಕಿದೆ. ಅದರಲ್ಲಿ ಬರೀ ಬೈಗುಳ ಇತ್ತು. ಇದರಲ್ಲೂ ಇದೆ, ಆದರೆ ಜೊತೆಗೆ ವಿಷಯವೂ ಇದೆ.

ಮೊದಲು ಮನೆಯ ಸುದ್ದಿ. ನೀನು ಹೆಸರಿಟ್ಟ ಕರು ಬೆಳೆದು ಗಬ್ಬ ನಿಂತಿದೆ. ಅಪ್ಪನ ಮಂಡಿನೋವು ಮಳೆ ಬಂದ ಮೇಲೆ ಜಾಸ್ತಿ. ಹಳ್ಳದ ಪಕ್ಕದ ಕಾಫಿ ತೋಟದಲ್ಲಿ ಈ ವರ್ಷ ಹೂ ಚೆನ್ನಾಗಿ ನಿಂತು ಗೊಂಚಲು ಗೊಂಚಲು ಕಾಯಿ ಕಟ್ಟಿದೆ. ಕೊಯ್ಲಿನ ಹೊತ್ತಿಗೆ ಆ ಗಿಡಗಳು ಇರುತ್ತವೋ ಇಲ್ಲವೋ ಎನ್ನುವುದೇ ಈಗ ಮನೆಯಲ್ಲಿ ಮಾತು.

ಸಭೆಯಾದ ಮೇಲೆ ಸರ್ಕಾರದವರು ಬಂದು ಹಳ್ಳದ ಅಂಚಿನಿಂದ ಮೂವತ್ತು ಮೀಟರಿಗೆ ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟು ಹೋಗಿದ್ದಾರೆ. ಮಣ್ಣು ಹಳ್ಳಕ್ಕೆ ಕೊಚ್ಚಿಹೋಗಬಾರದೆಂದು, ಕಲ್ಲಿನ ಒಳಗಿರುವ ಕಾಫಿಯನ್ನು ಕಿತ್ತು ಕಾಡುಗಿಡ ನೆಡುತ್ತಾರಂತೆ. ನಮ್ಮ ತೋಟ ಇರುವುದೇ ಹಳ್ಳದ ಉದ್ದಕ್ಕೆ, ಸೀರೆಯ ಅಂಚಿನ ಹಾಗೆ. ಕಲ್ಲಿನ ಹೊರಗೆ ಉಳಿಯುವುದು ಮನೆ, ಕೊಟ್ಟಿಗೆ, ಒಂದು ಹಲಸಿನ ಮರ. ಅಜ್ಜನ ಕಾಲದಿಂದ ಬೇರೆಯವರ ಎಸ್ಟೇಟಿನಲ್ಲಿ ಕಾಫಿ ಕೊಯ್ದ ಮನೆತನ ನಮ್ಮದು. ಅದರಲ್ಲಿ ತನ್ನದೆಂದು ಗಿಡ ನೆಟ್ಟವನು ಅಪ್ಪ ಒಬ್ಬನೇ. ಹಕ್ಕುಪತ್ರದ ಅರ್ಜಿ ಇನ್ನೂ ಕಚೇರಿಯಲ್ಲೇ ಇದೆ, ಆದ್ದರಿಂದ ಕೀಳಿ ಎಂದರೆ ಕೀಳಬೇಕು. ಊರಿನ ಎಲ್ಲ ಮನೆಗಳದ್ದೂ ಹೆಚ್ಚುಕಡಿಮೆ ಇದೇ ಪಾಡು. ಜುಲೈ ಹತ್ತಕ್ಕೆ ಚಿಕ್ಕಮಗಳೂರಿನಲ್ಲಿ ಸಮಿತಿ ಕೂತು ಒಪ್ಪಿಗೆ ಹಾಕುತ್ತದೆ. ಸಮಿತಿಯ ಮುಂದಿರುವ ಆಧಾರ ಒಂದೇ. ನೀನು ಮಾಡಿದ ನಕ್ಷೆ.

ಅಪ್ಪ ಬೆಳಿಗ್ಗೆ ಎದ್ದು ಅಂಗಿ ಬಿಚ್ಚಿ ಆ ಬಿಳಿ ಕಲ್ಲಿನ ಮೇಲೇ ಹಾಕಿ, ಒಳಗೆ ಕೂತು ಕಳೆ ತೆಗೆಯುತ್ತಾನೆ. ಕೀಳುವ ಗಿಡಕ್ಕೆ ಯಾಕಪ್ಪ ಕಳೆ ತೆಗೆಯುತ್ತೀಯ ಎಂದರೆ, "ಕೀಳೋರು ಬಂದಾಗ ಗಿಡ ಗಲೀಜಾಗಿರಬಾರ್ದು" ಎನ್ನುತ್ತಾನೆ. ಇಂಥವರ ಮೇಲೆ ಕಲ್ಲು ನೆಟ್ಟಿದ್ದೀರಿ ನೀವೆಲ್ಲ ಸೇರಿ.

ಇನ್ನು ಮುಂದೆ ಬರೆಯುವುದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಆದರೂ ಮೊದಲಿನಿಂದ ಬರೆಯುತ್ತೇನೆ, ಒಂದೇ ಸಮನೆ ಓದಿದರೆ ನಿನಗೇ ಹೇಗೆ ಕಾಣುತ್ತದೆ ನೋಡು.

ನನಗೆ ಓದುವ ಹುಚ್ಚು ಹತ್ತಿಸಿದವಳು ನೀನು. ನಾನು ಗೋಣಿಬೀಡಿನ ಅತ್ತೆ ಮನೆಯಲ್ಲಿದ್ದುಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದಾಗ ನಿಮ್ಮ ಅಂಗಡಿಗೆ ಸಾಮಾನಿಗೆ ಬರುತ್ತಿದ್ದೆ. ನಿಮ್ಮಪ್ಪ ಲಿಂಗಪ್ಪನವರು ಬೆಲ್ಲ ತೂಗುವಷ್ಟರಲ್ಲಿ ನೀನು ಅಕ್ಕಿ ಮೂಟೆಯ ಹಿಂದಿನಿಂದ ಒಂದು ಕರಪತ್ರ ತೆಗೆದು ಚೀಲಕ್ಕೆ ಹಾಕುತ್ತಿದ್ದೆ. ನೀರಿನ ಹಕ್ಕು, ಭೂಮಿಯ ಹಕ್ಕು, ಕೂಲಿಯ ಹಕ್ಕು. ಎಂಟು ಪುಟ, ಹನ್ನೆರಡು ಪುಟ, ಅಗ್ಗದ ಕಾಗದ. ಓದಿ ಮುಗಿಸುವಷ್ಟರಲ್ಲಿ ಬೆರಳಿಗೆ ಶಾಯಿ ಹತ್ತಿರುತ್ತಿತ್ತು. ಪಿಯುಸಿಗೆ ನನ್ನ ಕಾಲೇಜು ನಿಂತಿತು, ಕರಪತ್ರ ನಿಲ್ಲಲಿಲ್ಲ. ನನ್ನ ಡಿಗ್ರಿ ಅವೇ. "ನೀವು" ಎಂದು ಕರೆದರೆ "ಏನೇ ಅದು, ನಾನೇನು ಎಸ್ಟೇಟ್ ಓನರಾ?" ಎಂದು ಬೈದು, ಅಕ್ಕ ಎಂದು ಕರೆಯುವ ರೂಢಿ ಮಾಡಿಸಿದವಳೂ ನೀನೇ.

ಎರಡು ವರ್ಷದ ಹಿಂದೆ ನಮ್ಮ ಮನೆ ಹುಡುಕಿಕೊಂಡು ಬಂದೆ. ಕರಾವಳಿಯ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿದೆ ಎಂದೆ. ಗುಡ್ಡದ ಮೇಲೆ ಬಿದ್ದ ಮಳೆ ಎಷ್ಟು ಮಣ್ಣನ್ನು, ಎಷ್ಟು ಗೊಬ್ಬರದ ಸಾರವನ್ನು ತೊಳೆದುಕೊಂಡು ನೇತ್ರಾವತಿಯ ಮೂಲಕ ಸಮುದ್ರಕ್ಕೆ ಸುರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟುವ ಕೆಲಸ. ಮಳೆ ಎಷ್ಟು, ಇಳಿಜಾರು ಎಷ್ಟು, ಮಣ್ಣು ಯಾವುದು, ಅದರ ಮೇಲೆ ಹೊದಿಕೆ ಏನಿದೆ, ಇಷ್ಟನ್ನು ತುಂಬಿದರೆ ಯಾವ ಗುಡ್ಡದಿಂದ ಎಷ್ಟು ಹೂಳು ಹೋಗುತ್ತದೆ ಎಂದು ಅದು ಹೇಳುತ್ತದೆ. ಅದಕ್ಕೆ ಮಾಡೆಲ್ ಎನ್ನುತ್ತಾರೆ ಎಂದು ವಿವರಿಸಿದೆ. ಲೆಕ್ಕ ಸರಿಯೋ ತಪ್ಪೋ ನೋಡಲು ಹಳ್ಳದ ನೀರು ತುಂಬಿ ಕಳಿಸುವವರು ಊರಲ್ಲೊಬ್ಬರು ಬೇಕು ಎಂದೆ. ನಾನು ಹೂಂ ಎಂದೆ. ಊರು ಊಹೂಂ ಎಂದಿತು.

ಅವತ್ತು ನಮ್ಮ ಕಾಫಿ ಒಣಗಿಸುವ ಕಣದಲ್ಲಿ ಎಲ್ಲರೂ ಸೇರಿದ್ದರು. ಪಕ್ಕದ ಮನೆಯ ಮಂಜಯ್ಯ ಮಾವ ಕೈಕಟ್ಟಿಕೊಂಡು, "ನೀರು ತಗಂಡು ಹೋಗಿ ಎಂತ ಮಾಡ್ತೀರಿ? ನಾಳೆ ಹಳ್ಳಕ್ಕೂ ಮೀಟರ್ ಕೂರಿಸ್ತೀರಾ?" ಎಂದು ಕೇಳಿದ. ನೀನು ಅವ್ವನ ಹತ್ತಿರ ಕೊಡಪಾನ ಈಸಿಕೊಂಡು ದಿಬ್ಬದ ಬರಿ ಮಣ್ಣಿನ ಮೇಲೆ ನೀರು ಸುರಿದೆ. ಕೆಂಪಗೆ ಇಳಿಯಿತು. ಪಕ್ಕದಲ್ಲೇ ತರಗೆಲೆ ಹರಡಿ ಅದರ ಮೇಲೆ ಸುರಿದೆ. ಬಹುಪಾಲು ತಿಳಿಯಾಗಿಯೇ ಇಳಿಯಿತು.

"ಇಷ್ಟೇ ನಮ್ಮ ಮಾಡೆಲ್ಲು. ಯಾರ ತೋಟ ಮಣ್ಣು ಹಿಡ್ಕೊಳ್ತದೆ, ಯಾರದ್ದು ಬಿಡ್ತದೆ ಅಂತ ಗೊತ್ತಾದ್ರೆ ಹಿಡ್ಕೊಳ್ಳೋರ ಪರವಾಗಿ ನಾವು ಮಾತಾಡ್ಬಹುದು" ಎಂದೆ.

"ಹಂಗಾದ್ರೆ ಬೊಮ್ಮಯ್ಯಂಗೆ ಒಂದು ಪದಕ ಕೊಡ್ಸಿ. ಅವ್ನು ತೋಟದ ತರಗೆಲೆ ಮುಟ್ಟಕ್ಕೂ ಬಿಡಲ್ಲ" ಎಂದು ಮಂಜಯ್ಯ ಮಾವ ಅಪ್ಪನ ಕಡೆ ಕೈ ತೋರಿಸಿದ. ಅಪ್ಪನೂ ಸೇರಿ ಎಲ್ಲರೂ ನಕ್ಕರು. ಅವ್ವ ಮಾತ್ರ, "ಖಾಲಿ ಮಾಡಿದ ಕೊಡಪಾನ ಯಾರು ತುಂಬ್ಕೊಂಡು ಬರ್ತೀರಿ, ಅದನ್ ಹೇಳಿ ಮೊದ್ಲು" ಎಂದಳು. ನೀನೇ ಹೋಗಿ ತುಂಬಿಕೊಂಡು ಬಂದೆ. ಊರು ಒಪ್ಪಿದ್ದು ಮಾಡೆಲ್ಲಿಗಲ್ಲ ಅಕ್ಕ, ಆ ಕೊಡಪಾನಕ್ಕೆ. ಆಮೇಲೆ ಮನೆಮನೆಗೆ ಹೋಗಿ ಮಣ್ಣು ತೆಗೆಯಲು ಕೇಳಿದವಳು ನಾನು. ಎಲ್ಲರಿಗೂ ಕೊಟ್ಟದ್ದು ನಿನ್ನ ಮಾತು.

ನಂತರ ಆದ ತಪ್ಪನ್ನು ನಮ್ಮೂರಿನವರು ಬಿಟ್ಟರೆ ಬೇರೆ ಯಾರೂ ಮಾಡಲಾರರು. ಕಳೆದ ವರ್ಷ ಏಪ್ರಿಲಿನಲ್ಲಿ, ನಿಮ್ಮ ಸಂಸ್ಥೆಯ ಮುಖ್ಯಸ್ಥರಾದ ಅನಿಲ್ ಸರ್ ಊರಿನ ತೋಟ ನೋಡಲು ಬರುತ್ತಾರೆ ಎಂದು ತಿಳಿಸಿದೆ. ಮರಗಸಿ ಮುಗಿಸಿಬಿಡೋಣ ಎಂದು ಊರು ಹಠ ತೊಟ್ಟಿತು. ನೆರಳಿನ ಮರಗಳ ರೆಂಬೆ ಕಡಿದು ಕಾಫಿಗೆ ಬೆಳಕು ಬಿಡುವ ಕೆಲಸ ಮಳೆಗೆ ಮುಂಚೆ ಹೇಗೂ ಆಗಬೇಕು. ಆದರೆ ಆಳು ಸಿಕ್ಕ ಹಾಗೆ ಒಬ್ಬೊಬ್ಬರ ತೋಟದಲ್ಲಿ ಒಂದೊಂದು ಹೊತ್ತಿಗೆ ನಡೆಯುವಂಥದ್ದು ಅದು. ಆ ವರ್ಷ ಮಾತ್ರ ಮುಯ್ಯಾಳು ಕಟ್ಟಿಕೊಂಡು, ಇವತ್ತು ನಿಮ್ಮಲ್ಲಿ ನಾಳೆ ನಮ್ಮಲ್ಲಿ ಎಂದು, ಇಡೀ ಊರಿನ ತೋಟಗಳನ್ನು ಒಟ್ಟಿಗೇ ಮುಗಿಸಿದರು. "ಸೈನ್ಸಿನವ್ರು ಬರ್ತಾರೆ, ತೋಟ ತಲೆ ಬಾಚ್ಕಂಡಂಗೆ ಇರ್ಬೇಕು" ಎಂದು ಅಪ್ಪ ಆ ಮಂಡಿಯಲ್ಲೇ ಮರ ಹತ್ತಿದ.

ಅನಿಲ್ ಸರ್ ಬರಲೇ ಇಲ್ಲ. ಬಂದದ್ದು ಸ್ಯಾಟಲೈಟು.

ಮೇ ತಿಂಗಳ ಒಂದು ಮೋಡವಿಲ್ಲದ ಬೆಳಿಗ್ಗೆ ಅದು ನಮ್ಮ ಮೇಲೆ ಹಾದು ಚಿತ್ರ ತೆಗೆಯಿತು. ಮಳೆಗಾಲದಲ್ಲಿ ಮೋಡದ ಕೆಳಗೆ ಅದಕ್ಕೇನೂ ಕಾಣುವುದಿಲ್ಲ, ಆದ್ದರಿಂದ ನಿಮಗೆ ಆ ಒಂದು ಚಿತ್ರವೇ ಗತಿ. ರೆಂಬೆ ಕಡಿದ ನಮ್ಮೂರು ಅದಕ್ಕೆ ಬೋಳು ಇಳಿಜಾರಾಗಿ ಕಂಡಿತು. ನಕ್ಷೆಯಲ್ಲಿ ಹಳದಿ ಬಣ್ಣ, ಬಯಲು ಬೇಸಾಯ. ಮೇಲಿನ ಶಶಿಧರ್ ಅವರ ಎಸ್ಟೇಟಿನಲ್ಲಿ ಆಳಿಲ್ಲದೆ ಮರಗಸಿ ನಿಂತು ವರ್ಷಗಳೇ ಆಗಿವೆ. ಅದು ದಟ್ಟ ಅರಣ್ಯವಾಗಿ ಕಂಡಿತು. ನಕ್ಷೆಯಲ್ಲಿ ಕಡುಹಸಿರು. ಅರಣ್ಯ ಎಂದ ಮೇಲೆ ಅಲ್ಲಿ ಯಾರೂ ಯೂರಿಯಾ ಹಾಕುವುದಿಲ್ಲ, ಅಲ್ಲಿ ಮಣ್ಣು ಕೊಚ್ಚುವುದಿಲ್ಲ. ಹೋಮ್‌ಸ್ಟೇಗೆಂದು ಜೆಸಿಬಿ ತಂದು ಗುಡ್ಡ ಸೀಳಿ ಮಾಡಿದ ರಸ್ತೆಯೂ ಅಲ್ಲಿಲ್ಲ, ಯಾಕೆಂದರೆ ಮರದ ಕೆಳಗಿನ ರಸ್ತೆ ಆಕಾಶದಿಂದ ಕಾಣದು. ನದಿ ಸಮುದ್ರ ಸೇರುವಲ್ಲಿ ಅಳೆದ ಹೂಳು ಎಲ್ಲಿಂದಲಾದರೂ ಬಂದಿರಲೇಬೇಕಲ್ಲ? ಹಸಿರಿನಿಂದ ಬರಲಿಲ್ಲ ಎಂದ ಮೇಲೆ ಹಳದಿಯಿಂದಲೇ ಬಂತು ಎಂದು ಮಾಡೆಲ್ ತೀರ್ಮಾನಿಸಿತು.

ಕೆಲಸ ಮಾಡಿದವರು ಬೋಳು, ಮಾಡದವರು ಕಾಡು. 

ನಿನಗೆ ಗೊತ್ತಿಲ್ಲದೆ ಆದದ್ದಾದರೆ ಈ ಕಾಗದವನ್ನೇ ಬರೆಯುತ್ತಿರಲಿಲ್ಲ. ದೂರದ ಊರಿಂದ ಬಂದವರು, ಕಾಫಿ ಗಿಡ ಕಾಣದವರು ಮಾಡಿದ ತಪ್ಪು ಎಂದು ತಿದ್ದಿಸುತ್ತಿದ್ದೆ. ನೀನು ಗೋಣಿಬೀಡಿನವಳು. ಮರಗಸಿ ಎಂದರೇನು ಎಂದು ನಿನಗೆ ನಾನು ಹೇಳಿಕೊಡಬೇಕೇ? ಈ ವರ್ಷ ಜನವರಿಯಲ್ಲಿ ನಮ್ಮ ಜಗಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ನಕ್ಷೆ ತೋರಿಸಿದವಳೇ ನೀನು. "ಅಯ್ಯೋ ಅಕ್ಕ, ಶಶಿಧರ್ ಅವ್ರ ತೋಟ ಕಾಡಾಗೋಗಿದೆ, ಹುಲಿ ಬಿಡ್ಬಹುದು ನೋಡು" ಎಂದು ನಾನು ನಗಾಡಿದೆ. "ನಿಮ್ಮೂರು ನೋಡೆ ಮಾರಾಯ್ತಿ, ಬಳ್ಳಾರಿ ಆಗಿದೆ" ಎಂದು ನೀನು ನಕ್ಕೆ. ಆಮೇಲೆ ನಗು ನಿಲ್ಲಿಸಿ, "ಇದು ಹೀಗೇ ಹೋಗ್ಬಾರ್ದು. ಹೋದ ತಕ್ಷಣ ಸರಿ ಮಾಡ್ತೀನಿ ಕಣೆ" ಎಂದೆ. ನಾನು ಅದನ್ನು ನಂಬಿ ಊರಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ನಾನು ಲೆಕ್ಕ ಹಾಕುವುದರ ವಿರುದ್ಧ ಇಲ್ಲ. ಕಳೆದ ಮಳೆಗಾಲದಲ್ಲಿ ನನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ನೇತ್ರಾವತಿ ಸಮುದ್ರ ಸೇರುವ ಅಳಿವೆಬಾಗಿಲು ತೋರಿಸಿದೆಯಲ್ಲ, ಅದನ್ನು ಮರೆತಿಲ್ಲ. ಸಮುದ್ರದೊಳಗೆ ಬಹಳ ದೂರದವರೆಗೂ ನಮ್ಮ ಗುಡ್ಡದ ಬಣ್ಣ ಇತ್ತು. ದಡದಲ್ಲಿ ಮೀನು ಆರಿಸುತ್ತಿದ್ದ ಒಬ್ಬ ಅಜ್ಜಿ ನಾವು ಎಲ್ಲಿಯವರೆಂದು ವಿಚಾರಿಸಿ, "ನಿಮ್ಮ ಘಟ್ಟದ ಮಣ್ಣು ಸರಿಯಾಗಿ ನಮ್ಮ ಬಲೆಗೆ ಬರ್ತದೆ ಮಗಾ. ಮೀನಿಗೆ ಮಾತ್ರ ದಾರಿ ಗೊತ್ತಾಗುದಿಲ್ಲ" ಎಂದಳು. ಮೊದಲು ಇಷ್ಟು ಪಾಚಿ ಬರುತ್ತಿರಲಿಲ್ಲ ಎಂದೂ ಹೇಳಿದಳು. ನಮ್ಮವರೂ ಮೋಡ ನೋಡಿಕೊಂಡು ಗೊಬ್ಬರ ಎಸೆಯುತ್ತಾರೆ, ಅದರ ಪಾಲು ಆ ಪಾಚಿಯಲ್ಲಿ ಇದೆ, ನಾನು ಇಲ್ಲ ಎನ್ನುವುದಿಲ್ಲ. ನಮ್ಮ ಪಾಲಿನದನ್ನು ನಮ್ಮ ಮೇಲೆ ಹಾಕಿ, ಹೊರುತ್ತೇವೆ. ಆದರೆ ಈಗ ಆಗುತ್ತಿರುವುದೇನು? ನಮ್ಮ ತೋಟ ಕಿತ್ತ ಮೇಲೂ ಶಶಿಧರ್ ಅವರ ರಸ್ತೆಯ ಮಣ್ಣು ಇಳಿಯುತ್ತಲೇ ಇರುತ್ತದೆ. ನಮಗೂ ಗಿಡ ಇಲ್ಲ, ಆ ಅಜ್ಜಿಗೂ ಮೀನಿಲ್ಲ. ಈ ನಕ್ಷೆಯಿಂದ ಬದುಕಿದವರು ಯಾರು ಹೇಳು?

ಮೂಡಿಗೆರೆಯ ಸಭೆಗೆ ಅಪ್ಪನನ್ನೂ ಕರೆದುಕೊಂಡು ಬಂದಿದ್ದೆ. ಅವನು ಇಸ್ತ್ರಿ ಅಂಗಿ ಹಾಕಿದ್ದ, ನೋಡಿರಬಹುದು. ವೇದಿಕೆಯ ಮೇಲೆ ನೀನು, ಅನಿಲ್ ಸರ್, ಅಧಿಕಾರಿಗಳು. ಪರದೆಯ ಮೇಲೆ ಅದೇ ನಕ್ಷೆ, ಅದೇ ಹಳದಿ, ಅದೇ ಹಸಿರು. ಒಂದು ಚುಕ್ಕೆಯೂ ಬದಲಾಗಿರಲಿಲ್ಲ. ಅಧಿಕಾರಿಯೊಬ್ಬರು ಕೋಲಿನ ತುದಿಯನ್ನು ಸೀಗೆಬೈಲಿನ ಮೇಲಿಟ್ಟು, "ಈ ಹಳ್ಳದಲ್ಲಿ ಸಮಸ್ಯೆ ಇರೋದು ಇಲ್ಲಿ" ಎಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಶಶಿಧರ್ ಅವರು, ಪಾಪ, ಬೇಜಾರಿನಿಂದ ಎಂಬಂತೆ ತಲೆಯಾಡಿಸಿದರು. ನಾನು ಎದ್ದು ನಿಂತು ಕೇಳಿದೆ: ಹಸಿರು ಎಂದು ತೋರಿಸಿದ್ದು ಕಾಡೋ, ಮರಗಸಿ ಮಾಡದ ಕಾಫಿ ತೋಟವೋ? ಸಭೆಯಲ್ಲಿ ಗುಜುಗುಜು ಎದ್ದಿತು. ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ನೀನು ಮೈಕ್ ಹತ್ತಿರ ಎಳೆದುಕೊಂಡು, "ಇದು ಒಳ್ಳೆಯ ಪ್ರಶ್ನೆ. ಮುಂದಿನ ಹಂತದಲ್ಲಿ ಗಮನಿಸುತ್ತೇವೆ" ಎಂದೆ.

ಮುಂದಿನ ಹಂತ! ಕಿತ್ತ ಗಿಡಕ್ಕೆ ಮುಂದಿನ ಹಂತ ಎಲ್ಲಿದೆ ಅಕ್ಕ?

ಕಲ್ಲು ನೆಟ್ಟು ಹೋದ ಸಂಜೆ ಮಂಜಯ್ಯ ಮಾವ ನಮ್ಮ ಅಂಗಳಕ್ಕೆ ಬಂದು, "ಏನವ್ವ ಸೈಂಟಿಸ್ಟು, ನಮ್ಮ ಹಳ್ಳದ ನೀರು ತುಂಬಿ ತುಂಬಿ ಕಳಿಸಿದ್ಯಲ್ಲ, ವಾಪಸ್ ಏನು ಬಂತು ನೋಡು. ಕಲ್ಲು!" ಎಂದು ಹೋದ. ಅಪ್ಪ ಕೇಳಿಯೂ ಕೇಳದವನ ಹಾಗೆ ಬೀಡಿ ಹಚ್ಚಿದ. ನನ್ನ ಪರವಾಗಿ ಮಾತಾಡಿದ್ದು ಅವ್ವ ಒಬ್ಬಳೇ. "ಹೋಗಯ್ಯ, ನಿಂಗೆ ಕುಡಿಯಕ್ಕೆ ಚಾ ಬೇಕಾದ್ರೆ ಕೂತ್ಕ, ಬೈಯಕ್ಕೆ ಬಂದಿದ್ರೆ ನಾಳೆ ಬಾ" ಎಂದಳು.

ನಾನು ಸುಮ್ಮನೆ ಕೂರಲಿಲ್ಲ. ಮರುವಾರ ಶಶಿಧರ್ ಅವರ ಬಂಗಲೆಗೆ ಹೋದೆ. ನಿಮ್ಮದು ಕಾಡಲ್ಲ, ಕಾಫಿ ತೋಟ ಎಂದು ಸಮಿತಿಗೆ ಒಂದು ಮಾತು ಹೇಳಿ ಎಂದು ಕೇಳಿಕೊಂಡೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ಕುರ್ಚಿ ಕೊಟ್ಟರು, ಕಾಫಿ ತರಿಸಿದರು.

"ಅಲ್ಲ ಮಾರಾಯ್ತಿ, ಆಳಿಲ್ದೆ ತೋಟ ಹಾಳಾಯ್ತು ಅಂತ ನಾನು ಅಳ್ತಾ ಕೂತಿದ್ದೆ. ಸ್ಯಾಟಲೈಟು ಬಂದು ಇದು ಅರಣ್ಯ, ಬಹಳ ಒಳ್ಳೇದು ಅಂತ ಸರ್ಟಿಫಿಕೇಟ್ ಕೊಟ್ಟಿದೆ. ಬೇಡ ಅನ್ನಕ್ಕೆ ನಂಗೇನು ಹುಚ್ಚಾ?"

"ನಿಮ್ಮ ರಸ್ತೆ ಮಣ್ಣು ನಮ್ಮ ಹೆಸರಲ್ಲಿ ಸಮುದ್ರಕ್ಕೆ ಹೋಗ್ತಿದೆ ಸರ್."

"ನಿಮ್ಮ ನಾಗಶ್ರೀನೇ ಅಲ್ವಾ ನಕ್ಷೆ ಮಾಡಿದ್ದು? ನಮ್ಮ ಲಿಂಗಪ್ಪನ ಮಗಳು. ಅವ್ಳನ್ನ ಕೇಳು, ನನ್ನನ್ನ ಕೇಳ್ತೀಯಲ್ಲ" ಎಂದರು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಆದರೆ ಅವರು ಹೇಳಿದ್ದು ತಪ್ಪೇ? ತಪ್ಪಲ್ಲ.

ಕಳೆದ ಸೋಮವಾರ ಅನಿಲ್ ಸರ್ ಚಿಕ್ಕಮಗಳೂರಿಗೆ ಬಂದಿದ್ದಾರೆ ಎಂದು ತಿಳಿದು ಬಸ್ಸು ಹತ್ತಿ ಹೋದೆ. ಸೀಗೆಹಳ್ಳದ ಸ್ಯಾಂಪಲ್ ತುಂಬುವವಳು ನಾನೇ ಎಂದಾಗ ಅವರಿಗೆ ಆಶ್ಚರ್ಯವಾಯಿತು. ಕೂರಿಸಿ ತಾಳ್ಮೆಯಿಂದಲೇ ಮಾತಾಡಿದರು.

"ನೋಡಮ್ಮ, ಸಮುದ್ರದ ಹತ್ತಿರ ನಾವು ಅಳೆದದ್ದು, ಮಾಡೆಲ್ ಹೇಳಿದ್ದು, ಎರಡೂ ಚೆನ್ನಾಗಿ ಕೂತಿವೆ. ಒಟ್ಟು ಲೆಕ್ಕ ಸರಿ ಇದೆ."

ನಾನು ಹೇಳಿದೆ: "ಸರ್, ಮದುವೆ ಮನೇಲಿ ಒಟ್ಟು ಎಷ್ಟು ಅನ್ನ ಖರ್ಚಾಯ್ತು ಅನ್ನೋದು ಸರಿ ಇರ್ಬಹುದು. ಆದ್ರೆ ನೀವು ಚಪ್ಪರದ ಮೇಲಿಂದ ನೋಡಿದ್ರಿ. ಚಪ್ಪರದ ಒಳಗೆ ಕೂತು ಉಂಡೋರು ನಿಮಗೆ ಕಾಣ್ಲಿಲ್ಲ. ಹೊರಗೆ ಬಿಸಿಲಲ್ಲಿ ನಿಂತಿದ್ದೋರೇ ಅಷ್ಟೂ ತಿಂದ್ರು ಅಂತ ಬರೆದ್ರಿ."

ಅವರು, "ಚೆನ್ನಾಗಿ ಮಾತಾಡ್ತೀಯ. ಯಾವ ಪಕ್ಷ?" ಎಂದು ಕೇಳಿದರು. ಪಕ್ಷ ಇಲ್ಲ, ಪಿಯುಸಿ ಎಂದೆ. ನಕ್ಕರು. ಕೊನೆಗೆ ಎದ್ದು ನಿಂತು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: "ಹೊದಿಕೆಯ ನಕ್ಷೆ ನಾಗಶ್ರೀ ಜವಾಬ್ದಾರಿ. ಅವಳು ಬಂದು ತಪ್ಪಾಗಿದೆ ಅಂದ್ರೆ ನಾನು ಸಮಿತಿಯಿಂದ ವಾಪಸ್ ತಗೊಳ್ತೀನಿ. ಇಲ್ಲೀವರೆಗೆ ಅವಳು ನನ್ನ ಹತ್ತಿರ ಬಾಯೇ ಬಿಟ್ಟಿಲ್ಲ."

ಬಾಯೇ ಬಿಟ್ಟಿಲ್ಲ! ಜನವರಿಯಿಂದ ಜೂನಿನವರೆಗೆ! ಚಿಕ್ಕಮಗಳೂರಿನಿಂದ ಕೊಟ್ಟಿಗೆಹಾರದವರೆಗೆ ಬಸ್ಸಿನ ಕಿಟಕಿಯ ಸರಳು ಹಿಡಿದು ಕೂತಿದ್ದೆ. ನಿನ್ನನ್ನು ತಡೆಯುತ್ತಿರುವವರು ಯಾರೋ ಇದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಯಾರೂ ಇಲ್ಲ. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ಈ ವರ್ಷ ಆಗಬೇಕು ಎನ್ನುವುದು ಗೊತ್ತು. ತಪ್ಪು ಒಪ್ಪಿಕೊಂಡರೆ ಹೆಸರು ಕೆಡುತ್ತದೆ ಎಂದು ಹೆದರಿದ್ದೀಯ, ಅದೂ ಗೊತ್ತು. ಹೆದರಿಕೆ ಎಲ್ಲರಿಗೂ ಇದೆ. ಅಧಿಕಾರಿಗಳ ಮುಂದೆ ಎದ್ದು ನಿಲ್ಲುವಾಗ ನನಗೆ ಇರಲಿಲ್ಲವೇ? ನೀನು ಕೊಟ್ಟ ಕರಪತ್ರಗಳಲ್ಲಿ ಹೆದರಿದರೆ ಏನು ಮಾಡಬೇಕು ಎಂದು ಇತ್ತಲ್ಲ, ಅವನ್ನು ಕೊಡುವ ಮೊದಲು ನೀನು ಓದುತ್ತಿರಲಿಲ್ಲವೇ?

ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿದ್ದೆ. ಅವ್ವ ಕರೆದಳು. ಊಟ ಮಾಡಿ ಬಂದು ಕೂತಿದ್ದೇನೆ, ಕೋಪ ಇಳಿದಿಲ್ಲ.

ಗುರುವಾರ ಈ ವರ್ಷದ ದೊಡ್ಡ ಮಳೆ ಬಂತು. ಎಸ್ಟೇಟಿನ ಕವಲೂ ನಮ್ಮೂರಿನ ಕವಲೂ ಸೇರುವಲ್ಲಿ ಹಳ್ಳ ದಾಟುವ ಕಾಲುಸಂಕ ಇದೆಯಲ್ಲ, ಬಾಟಲಿ ತೆಗೆದುಕೊಂಡು ಅಲ್ಲಿಗೆ ಹೊರಟೆ. ಹಳ್ಳ ಸಂಕ ಮುಟ್ಟುವಷ್ಟು ಏರಿತ್ತು. ಹಿಂದಿನಿಂದ ಯಾರೋ, "ಏ ಹುಡ್ಗಿ, ನೀರು ತುಂಬಕ್ಕೆ ಹೋಗಿ ನೀನೇ ಸಮುದ್ರಕ್ಕೆ ಹೋಗ್ಬೇಡ" ಎಂದು ಕೂಗಿದರು. ಮಂಜಯ್ಯ ಮಾವ! ಕಂಬಳಿಕೊಪ್ಪೆ ಹಾಕಿಕೊಂಡು, ಹಗ್ಗ ಹಿಡಿದು ಬಂದಿದ್ದ. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಮರಕ್ಕೆ ಸುತ್ತಿ ಹಿಡಿದುಕೊಂಡ. ಎಸ್ಟೇಟಿನ ಕಡೆಯ ನೀರು ಇಟ್ಟಿಗೆ ಅರೆದು ಕಲಸಿದ ಹಾಗೆ ಬರುತ್ತಿತ್ತು. ನಮ್ಮ ಕಡೆಯದು ಹಾಲಿಲ್ಲದ ಚಹಾದ ಬಣ್ಣ. ನಮ್ಮದೂ ತಿಳಿಯಾಗಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಸಂಕದಿಂದ ಕೆಳಗೆ ಬಹಳ ದೂರದವರೆಗೆ ಎರಡೂ ನೀರು ಸೇರದೆ, ಪಕ್ಕಪಕ್ಕದಲ್ಲೇ ಬೇರೆಬೇರೆಯಾಗಿ ಹರಿಯುತ್ತಿದ್ದವು. ಮಂಜಯ್ಯ ಮಾವ ನೋಡುತ್ತಾ ನಿಂತಿದ್ದ.

"ಇದು ಆ ನಾಗಶ್ರೀಗೆ ಕಾಣ್ಲಿಲ್ವಾ?" ಎಂದ.

"ಕಂಡಿದೆ ಮಾವ" ಎಂದೆ.

"ಹಂಗಾದ್ರೆ ಬರ್ತಾಳೆ ಬಿಡು" ಎಂದ. ನನಗೆ ಬೈದವನೇ ಹಾಗೆ ಹೇಳಿದ. ಅದನ್ನು ನಿನಗೆ ತಿಳಿಸಲೇಬೇಕು ಎನಿಸಿತು.

ಎರಡೂ ಕವಲಿನ ಬಾಟಲಿಗಳನ್ನು ನಾಳೆ ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ಮಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಅವುಗಳ ಮೇಲೆ ಕವಲಿನ ಹೆಸರು ಬರೆದಿದ್ದೇನೆ. ಸ್ಟ್ಯಾಂಡಿಗೆ ಹೋಗಿ ಇಳಿಸಿಕೋ. ಅಳೆಯುವ ಮೊದಲು ಬೆಳಕಿಗೆ ಹಿಡಿದು ಒಮ್ಮೆ ನೋಡು.

ಈಗ ನಾನು ಏನು ಮಾಡುತ್ತೇನೆ ಎಂದು ತಿಳಿಸಿಬಿಡುತ್ತೇನೆ. ಬೆನ್ನ ಹಿಂದೆ ಮಾಡಿದಳು ಎಂದು ನೀನು ಅಂದುಕೊಳ್ಳಬಾರದು. ಜುಲೈ ಹತ್ತಕ್ಕೆ ನಾವೆಲ್ಲ ಚಿಕ್ಕಮಗಳೂರಿಗೆ ಹೋಗುತ್ತೇವೆ. ನೀನು ಬಂದು, ಮರಗಸಿ ಮಾಡಿದ ತೋಟವನ್ನು ಬೋಳೆಂದೂ ಮಾಡದ ತೋಟವನ್ನು ಕಾಡೆಂದೂ ತಪ್ಪಾಗಿ ಎಣಿಸಿದ್ದೇವೆ, ಮತ್ತೆ ಮಾಡುತ್ತೇವೆ ಎಂದು ನಿನ್ನ ಬಾಯಿಂದ ಹೇಳು. ಅಷ್ಟೇ ಸಾಕು. ನೀನು ಬರದಿದ್ದರೆ ಜನವರಿಯಲ್ಲೇ ನಿನಗೆ ಗೊತ್ತಿತ್ತು ಎಂಬುದನ್ನು ನಾನು ಹೇಳುತ್ತೇನೆ. ನನ್ನ ಮಾತಿಗೆ ಸಾಕ್ಷಿ ಇಲ್ಲ, ನಂಬುತ್ತಾರೋ ಇಲ್ಲವೋ. ನಂಬಿದರೆ ನಿನ್ನ ಕೆಲಸ ಹೋಗುತ್ತದೆ, ಬಲ್ಲೆ. ಆದರೂ ಹೇಳುತ್ತೇನೆ. ನಿನ್ನ ಕೆಲಸ ಉಳಿಯಲಿ ಎಂದು ಅಪ್ಪನ ಗಿಡ ಕೊಡಲು ನನ್ನಿಂದ ಆಗದು.

ಅವ್ವ ಒಳಗಿನಿಂದ, "ಒಳ್ಳೇದಾಗ್ಲಿ ಆ ಮಗೀಗೆ, ಹೊತ್ತು ಹೊತ್ತಿಗೆ ಉಣ್ಣಕ್ಕೆ ಹೇಳು, ಕೆಸುವಿನ ಪತ್ರೊಡೆ ಮಾಡ್ದಾಗ ನೆನಸ್ಕೊಂಡೆ ಅಂತ ಬರಿ" ಎನ್ನುತ್ತಿದ್ದಾಳೆ. ಅವಳು ಹೇಳಿದ್ದನ್ನು ಬರೆದಿದ್ದೇನೆ. ಲಿಂಗಪ್ಪನವರಿಗೂ ಅಮ್ಮನಿಗೂ ನನ್ನ ನಮಸ್ಕಾರ ತಿಳಿಸು. ಮಂಗಳೂರಿನ ಮಳೆಯಲ್ಲಿ ಆರೋಗ್ಯ ನೋಡಿಕೋ.

ಇಂತಿ,
ಅರ್ಚನಾ

ತಾ.ಕ.: ಇದನ್ನು ಬರೆಯಬಾರದು ಎಂದಿದ್ದೆ. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ಸಭೆಯಲ್ಲಿ ನಾನು ಪ್ರಶ್ನೆ ಕೇಳಿದ ಮೇಲೆ ನೀನು ಮೊದಲು ಹೇಳಿದ್ದು "ಒಳ್ಳೆಯ ಪ್ರಶ್ನೆ" ಎಂದಲ್ಲ. ನನ್ನ ಮುಖವನ್ನೇ ನೋಡಿ, "ನಿಮ್ಮ ಹೆಸರೇನು? ಯಾವ ಊರಿನವರು?" ಎಂದು ಕೇಳಿದೆ. ಎರಡು ಮಳೆಗಾಲ ನನ್ನ ಪಕ್ಕದಲ್ಲಿ, ಒಂದೇ ಕಂಬಳಿಯಲ್ಲಿ ಮಲಗಿದವಳು. ನಿನ್ನ ಕೈಕೆಳಗಿನ ಹುಡುಗಿಯೇ ಕೇಳುತ್ತಿದ್ದಾಳೆ ಎಂದು ಗೊತ್ತಾದರೆ, ನಿನಗೆ ಯಾವಾಗಿನಿಂದ ಗೊತ್ತು ಎಂದು ಅವರು ಕೇಳುತ್ತಾರೆ ಎಂದು ಹೆದರಿದೆ, ಅಲ್ಲವೇ? ನಾನು ಹೇಳಿದೆ, ಅರ್ಚನಾ, ಸೀಗೆಬೈಲು. ನೀನು ತಲೆ ತಗ್ಗಿಸಿ ಬರೆದುಕೊಂಡೆ.

ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದ. ಬಸ್ಸಿನಲ್ಲಿ ಬಣಕಲ್ ದಾಟಿದ ಮೇಲೆ, "ಪಾಪ, ಆ ಹುಡ್ಗಿಗೆ ಅಷ್ಟು ದೂರದಿಂದ ಗುರುತು ಸಿಕ್ಕಿಲ್ಲ ಕಣವ್ವ. ಇವತ್ತು ಕನ್ನಡಕ ಹಾಕ್ಕೊಂಡಿರ್ಲಿಲ್ಲ, ನೋಡಿದ್ಯಾ?" ಎಂದ. ಹೌದಪ್ಪ ಎಂದೆ. ಅವನು ಇವತ್ತಿಗೂ ಹಾಗೆಂದೇ ನಂಬಿದ್ದಾನೆ.

ಹತ್ತನೇ ತಾರೀಕು ಬರುವುದಾದರೆ, ಅವನಿಗೋಸ್ಕರವಾದರೂ ಕನ್ನಡಕ ಹಾಕಿಕೊಂಡು ಬಾ.